ಯಾರ ಜಮೆ, ಯಾರ ಬಾಕಿ

ಪ್ರತಿ ತಿಂಗಳ ಹದಿನೈದರ ಆಸುಪಾಸಿನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಹಿಂದಿನ ತಿಂಗಳ ರಫ್ತು-ಆಮದಿನ ಲೆಕ್ಕ ಹೊರಡಿಸುತ್ತದೆ. ಮರುದಿನ ಪತ್ರಿಕೆಗಳಲ್ಲಿ ಅದು ಪಂದ್ಯದ ಫಲಿತಾಂಶದ ಹಾಗೆ ಬರುತ್ತದೆ. ಕೊರತೆ ಹಿಗ್ಗಿದರೆ ಸೋತೆವು, ಕುಗ್ಗಿದರೆ ಗೆದ್ದೆವು. 2024-25ರಲ್ಲಿ ನಾವು ಚೀನಾಕ್ಕೆ ಮಾರಿದ ಸರಕು ಸುಮಾರು 14 ಶತಕೋಟಿ ಡಾಲರಿನದು, ಅಲ್ಲಿಂದ ತರಿಸಿಕೊಂಡದ್ದು ಸುಮಾರು 113 ಶತಕೋಟಿ ಡಾಲರಿನದು. ಅಂತರ 99 ಶತಕೋಟಿ. ಅದು ಒಂದು ವರ್ಷದ ಆಕಸ್ಮಿಕವೂ ಅಲ್ಲ. ಐದು ವರ್ಷ ಹಿಂದೆ, 2019-20ರಲ್ಲಿ, ಅದರ ಅರ್ಧದಷ್ಟಿತ್ತು. ಇಬ್ಬರ ನಡುವೆ ಒಬ್ಬರು ವರ್ಷಗಟ್ಟಲೆ ಕೊಡುತ್ತಲೇ, ಇನ್ನೊಬ್ಬರು ಕೊಳ್ಳುತ್ತಲೇ ಇದ್ದರೆ ಅದಕ್ಕೆ ಏನು ಹೆಸರು? ಸಾಲವೇ, ಸೋಲೇ, ಅನ್ಯಾಯವೇ, ಬರೀ ವ್ಯಾಪಾರವೇ?

ಇದನ್ನು ಅರ್ಥಶಾಸ್ತ್ರಜ್ಞರಿಗೆ ಬಿಟ್ಟುಬಿಡಬಹುದಿತ್ತು. ಆದರೆ ನನ್ನ ಹೊಟ್ಟೆಪಾಡು ಇದೇ ಲೆಕ್ಕದ ಎರಡು ತುದಿಗಳಲ್ಲಿ ನಡೆದಿದೆ. ಹನ್ನೊಂದು ವರ್ಷ ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆದೆ. ಈಗ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಹೊರದೇಶದ ಗಿರಾಕಿಗಳಿಗೆ ಬಿಲ್ ಕಳಿಸುವ ವಿಭಾಗದಲ್ಲಿದ್ದೇನೆ. ಅಲ್ಲಿ ಕೊನೆಕೊನೆಗೆ ತುಂಬುತ್ತಿದ್ದದ್ದು ಆಮದಿನ ಕಾಗದ, ಇಲ್ಲಿ ತುಂಬುವುದು ರಫ್ತಿನದು. ಎರಡನ್ನೂ ಕೂಡಿಸಿ ನೋಡಿದಾಗ ದೇಶದ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ. ಹಾಗಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದಲ್ಲ, ಅದು ಏನು ಎಂದು ಹುಡುಕುವುದು ಈ ಬರಹದ ಕೆಲಸ.

ಕೊರತೆ ಎಂದ ಕೂಡಲೇ ಬೆಚ್ಚುವುದು ಅನಗತ್ಯ ಎಂಬುದನ್ನು ಮೊದಲೇ ಹೇಳಿಬಿಡಬೇಕು. ನಮ್ಮ ಬೀದಿಗೆ ಸೊಪ್ಪು ತರುವ ಅಜ್ಜಿಯೊಂದಿಗೆ ನನ್ನ ವ್ಯಾಪಾರದಲ್ಲಿ ಯಾವತ್ತೂ ಕೊರತೆಯೇ. ಅವರು ನನ್ನಿಂದ ಏನನ್ನೂ ಕೊಂಡವರಲ್ಲ. ನನಗೆ ಸಂಬಳ ಕೊಡುವ ಕಂಪನಿಯೊಂದಿಗೆ ಯಾವತ್ತೂ ಉಳಿತಾಯವೇ. ಎಲ್ಲರೊಂದಿಗೂ ಒಬ್ಬೊಬ್ಬರಂತೆ ಲೆಕ್ಕ ಸಮ ಮಾಡುತ್ತೇನೆಂದು ಹೊರಟರೆ ಬದುಕುವುದು ಹೇಗೆ? ದೇಶಗಳ ನಡುವೆಯೂ ಹಾಗೆಯೇ ಎಂದು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1752ರಲ್ಲೇ ವಾದಿಸಿದ್ದ: ಹಣ ಹೊರಗೆ ಹರಿದರೆ ಒಳಗಿನ ಬೆಲೆ ಇಳಿಯುತ್ತದೆ, ಬೆಲೆ ಇಳಿದರೆ ಹೊರಗಿನವರು ಕೊಳ್ಳಲು ಬರುತ್ತಾರೆ, ನೀರಿನ ಹಾಗೆ ಮಟ್ಟ ತಾನೇ ಸರಿಹೋಗುತ್ತದೆ. ಕೊರತೆಯನ್ನೇ ಕಳ್ಳತನವೆಂದು ನೋಡುವವರು ಇಂದೂ ಇದ್ದಾರೆ. 2025ರ ಏಪ್ರಿಲ್‌ನಲ್ಲಿ ಅಮೆರಿಕ ದೇಶಕ್ಕೊಂದು ಸುಂಕ ಘೋಷಿಸಿದಾಗ ಬಳಸಿದ ಸೂತ್ರ ಹೈಸ್ಕೂಲು ಹುಡುಗರೂ ಮಾಡಬಹುದಾದ್ದು: ಆ ದೇಶದೊಂದಿಗಿನ ಸರಕಿನ ಕೊರತೆಯನ್ನು ಅಲ್ಲಿಂದ ಬಂದ ಆಮದಿನಿಂದ ಭಾಗಿಸು, ಅರ್ಧ ಮಾಡು. ನಮಗೆ ಬಂದದ್ದು ಶೇ 26. ನಾವಾದರೂ ಎಲ್ಲರ ಎದುರು ಕೊರತೆಯವರೇ? ಅದೇ 2024-25ರಲ್ಲಿ ಬಾಂಗ್ಲಾದೇಶಕ್ಕೆ ನಾವು ಮಾರಿದ್ದು ಹನ್ನೊಂದೂವರೆ ಶತಕೋಟಿ ಡಾಲರಿನದು, ಕೊಂಡದ್ದು ಎರಡು ಶತಕೋಟಿಯದು. ಢಾಕಾದ ಪತ್ರಿಕೆ ಓದುವವನಿಗೆ ನಾವೇ ಚೀನಾ.

ಕನ್ನಡದಲ್ಲಿ ಕೊಡು-ಕೊಳ್ಳುವುದಕ್ಕೆ ಎರಡು ಮಾತುಗಳಿವೆ. ಅಂಗಡಿಯ ಖಾತೆಯಲ್ಲಿರುವುದು ಬಾಕಿ. ಅದು ಬೇಗ ತೀರಿದಷ್ಟೂ ಒಳ್ಳೆಯದು. ಇನ್ನೊಂದು ಋಣ. ‘ಈ ಊರಿನ ಋಣ ತೀರಿತು’ ಎಂದು ನಾವು ಹೇಳುವುದು ಊರು ಬಿಡುವಾಗ. ‘ಅನ್ನದ ಋಣ ಮುಗಿಯಿತು’ ಎನ್ನುವುದು ಸತ್ತವರ ಬಗ್ಗೆ. ಅಂದರೆ ಋಣದ ಲೆಕ್ಕದಲ್ಲಿ ಸೊನ್ನೆ ಎಂದರೆ ಸಂಬಂಧದ ಕೊನೆ. ಬದುಕಿರುವವರ ನಡುವೆ ಒಂದಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಇರಬೇಕು ಎಂಬ ತಿಳಿವಳಿಕೆ ಆ ಮಾತಿನೊಳಗಿದೆ. ಆದ್ದರಿಂದ ಕೊರತೆ ಎಷ್ಟು ಎಂದು ಕೇಳುವುದಕ್ಕಿಂತ, ಅದನ್ನು ಯಾರು ಹೊತ್ತರು ಎಂದು ಕೇಳುವುದು ಉಪಯೋಗಕ್ಕೆ ಬರುತ್ತದೆ.

ಪೀಣ್ಯದ ಆ ಕಾರ್ಖಾನೆಗೆ ಬರೋಣ. ಪ್ಯಾಕಿಂಗ್ ಯಂತ್ರಗಳಿಗೆ ಬೇಕಾದ ಚಿಕ್ಕ ಗೇರ್‌ಬಾಕ್ಸ್ ಅಲ್ಲಿ ತಯಾರಾಗುತ್ತಿತ್ತು. ಮಾಲೀಕರು ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿದ್ದು ಆಮೇಲೆ ಸ್ವಂತಕ್ಕೆ ಶೆಡ್ ಹಾಕಿಕೊಂಡವರು. ನಾಲ್ಕು ಲೇತ್, ಒಂದು ಮಿಲ್ಲಿಂಗ್, ಗೇರಿನ ಹಲ್ಲು ಕೊರೆಯುವ ಎರಡು ಹಾಬಿಂಗ್ ಯಂತ್ರ, ಹದಿನಾಲ್ಕು ಜನ. ನಾನು ಸೇರಿದ ಮೂರನೇ ವರ್ಷ ಒಬ್ಬ ಹಳೆಯ ಗಿರಾಕಿ ಚೀನಾದ ಒಂದು ಗೇರ್‌ಬಾಕ್ಸ್ ತಂದು ಮೇಜಿನ ಮೇಲಿಟ್ಟರು. ಸುಂಕ, ಹಡಗಿನ ಬಾಡಿಗೆ, ಚೆನ್ನೈಯಿಂದ ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋವರೆಗಿನ ರೈಲು, ಕ್ಲಿಯರಿಂಗ್ ಏಜೆಂಟರ ಫೀಸು, ಎಲ್ಲ ಸೇರಿಸಿ ಅದರ ಬೆಲೆ ಲೆಕ್ಕ ಹಾಕಿದವಳು ನಾನೇ. ನಮ್ಮ ಕಬ್ಬಿಣದ ಬೆಲೆ ಮತ್ತು ಕೂಲಿ ಮಾತ್ರ ಸೇರಿಸಿದರೂ ಅದಕ್ಕಿಂತ ಜಾಸ್ತಿಯಾಗುತ್ತಿತ್ತು. ಕರೆಂಟು, ಬಾಡಿಗೆ, ಬ್ಯಾಂಕಿನ ಬಡ್ಡಿ ಇನ್ನೂ ಸೇರಿಸಿರಲಿಲ್ಲ.

ಮಾಲೀಕರು ಎರಡು ವರ್ಷ ಹೋರಾಡಿದರು. ಆಮೇಲೆ ತಾವೇ ತರಿಸತೊಡಗಿದರು. ಮೊದಲು ಒಂದು ಸೈಜು, ನಂತರ ಮೂರು, ಕೊನೆಗೆ ಬಹುಪಾಲು. ಎರಡು ಲೇತ್ ಗುಜರಿಗೆ ಹೋದವು, ಅವು ಇದ್ದ ಜಾಗಕ್ಕೆ ಕಬ್ಬಿಣದ ರ‍್ಯಾಕು ಬಂತು. ಅವರನ್ನು ದೂರುವುದು ನನ್ನಿಂದಾಗದು. ಅಕ್ಕಪಕ್ಕದ ರಸ್ತೆಯಲ್ಲೇ ಪ್ಯಾಕಿಂಗ್ ಯಂತ್ರ ಕಟ್ಟುವವರಿಗೆ ಅಗ್ಗದ ಗೇರ್‌ಬಾಕ್ಸ್ ಸಿಕ್ಕಿದ್ದರಿಂದ ಅವರ ಯಂತ್ರದ ಬೆಲೆ ಇಳಿಯಿತು, ಆರ್ಡರು ಹೆಚ್ಚಿತು, ಅಲ್ಲಿ ಹೊಸಬರಿಗೆ ಕೆಲಸವೂ ಸಿಕ್ಕಿತು. ಆಮದು ಎಂದರೆ ಪೀಣ್ಯಕ್ಕೆ ಬರೀ ಕೇಡು ಎಂದು ಯಾರಾದರೂ ಹೇಳಿದರೆ ಅವರು ಪೀಣ್ಯದ ಒಂದೇ ಅಡ್ಡರಸ್ತೆ ನೋಡಿದ್ದಾರೆ.

ನಮ್ಮಲ್ಲಿ ಹಾಬಿಂಗ್ ನೋಡಿಕೊಳ್ಳುತ್ತಿದ್ದವರೊಬ್ಬರಿದ್ದರು. ನಲವತ್ತಾರು ವರ್ಷ, ಐಟಿಐ ಓದಿದವರು. ಕಟರ್ ಮೊಂಡಾಗುತ್ತಿರುವುದನ್ನು ಅಳೆದು ನೋಡುವ ಮೊದಲೇ ಶಬ್ದದಿಂದ ಹೇಳುತ್ತಿದ್ದರು. ಬೇರೆ ಕೆಲವರನ್ನು ಬಿಡಿಸಿದ ಮಾಲೀಕರು ಇವರನ್ನು ಬಿಡಲಿಲ್ಲ, ಸಂಬಳವನ್ನೂ ಇಳಿಸಲಿಲ್ಲ. ಸ್ಟೋರ್ಸ್ ನೋಡಿಕೊಳ್ಳಲು ಹಾಕಿದರು. ಪೆಟ್ಟಿಗೆ ಒಡೆಯುವುದು, ಚೀನಾದ ಲೇಬಲ್ಲು ತೆಗೆದು ನಮ್ಮದು ಅಂಟಿಸುವುದು, ಡೆಲಿವರಿ ಚಲನ್ ಬರೆಯುವುದು. ಒಂದು ದಿನ ಚಲನ್‌ಗೆ ಸಹಿ ಹಾಕಿಸಿಕೊಳ್ಳಲು ಬಂದವರು ಹೇಳಿದರು: “ಸಂಬಳ ಬರ್ತಾ ಇದೆ ಮೇಡಂ, ಕೆಲಸ ಬರೋದು ಹೋಗ್ತಾ ಇದೆ.”

ಈ ನಷ್ಟವನ್ನು ಬರೆಯಲು ನನ್ನ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಅವರ ಆದಾಯ ಕಡಿಮೆಯಾಗಿಲ್ಲ. ಕಂಪನಿಯ ಲಾಭ ಹೆಚ್ಚಿದೆ. ಗಿರಾಕಿಗೆ ಅಗ್ಗವಾಗಿದೆ. ದೇಶದ ಆಮದಿನ ಲೆಕ್ಕದಲ್ಲಿ ಕೆಲವು ಸಾವಿರ ಡಾಲರ್ ಸೇರಿದೆ. ಆದರೆ ಇಪ್ಪತ್ತೈದು ವರ್ಷ ಕೂಡಿಟ್ಟ ಒಂದು ವಿದ್ಯೆ ರ‍್ಯಾಕಿನ ಹಿಂದೆ ತುಕ್ಕು ಹಿಡಿಯುತ್ತಿದೆ, ಅದನ್ನು ಕಲಿಯಲು ಪಕ್ಕದಲ್ಲಿ ಯಾವ ಹುಡುಗನೂ ನಿಂತಿಲ್ಲ.

ಎಲ್ಲ ಆಮದೂ ಹೀಗೆ ಮರೆಸುವುದಿಲ್ಲ. ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಶುರುವಾದಾಗ ಅದರ ಯಂತ್ರವಿದ್ಯೆ ಬಂದದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್‌ನಿಂದ. 1961ರ ಕೈಗಡಿಯಾರ ಜಪಾನಿನ ಸಿಟಿಜನ್‌ನ ಜೊತೆಗೂಡಿ ಆದದ್ದು. ಹೊರಗಿನಿಂದ ತಂದದ್ದಕ್ಕೆ ಹಣ ತೆತ್ತದ್ದು ಆಗಲೂ ನಾವೇ. ಆದರೆ ಆ ಹಣಕ್ಕೆ ಬಂದ ಯಂತ್ರದ ಸುತ್ತ ಅಪ್ರೆಂಟಿಸ್‌ಗಳು ನಿಂತಿದ್ದರು. ನಮ್ಮ ಮಾಲೀಕರಂಥವರು ಅಲ್ಲಿಂದ ಎದ್ದು ಬಂದವರು. ಎಚ್‌ಎಂಟಿ ಗಡಿಯಾರ ಘಟಕ ಮುಚ್ಚುವುದೆಂದು 2016ರಲ್ಲಿ ತೀರ್ಮಾನವಾಯಿತು. ಅದು ಹಾಗಾದದ್ದರ ಕತೆ ಬೇರೆ, ಅದನ್ನೆಲ್ಲ ಆಮದಿನ ತಲೆಗೆ ಕಟ್ಟಲಾಗದು. ನಾನು ಹೇಳುವುದಿಷ್ಟೇ: ಕಲಿಸುವ ಆಮದು, ಮರೆಸುವ ಆಮದು ಎಂದು ಎರಡಿವೆ, ವಾಣಿಜ್ಯ ಸಚಿವಾಲಯದ ತಖ್ತೆಯಲ್ಲಿ ಎರಡೂ ಒಂದೇ ಕಾಲಂನಲ್ಲಿ ಕೂರುತ್ತವೆ.

ಇನ್ನು ಲೆಕ್ಕದ ಆಚೆ ತುದಿ. ಎಲೆಕ್ಟ್ರಾನಿಕ್ ಸಿಟಿಯನ್ನು ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರು 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡ ತೋಗೂರುಗಳ 332 ಎಕರೆಯಲ್ಲಿ ಕಟ್ಟಲು ಹೊರಟದ್ದು ಎಲೆಕ್ಟ್ರಾನಿಕ್ ವಸ್ತುಗಳನ್ನು ತಯಾರಿಸಲಿಕ್ಕೆ. ಹೆಸರು ಹಾಗೇ ಉಳಿಯಿತು, ಅಲ್ಲಿಂದ ಹೊರಗೆ ಹೋಗುವುದು ಮಾತ್ರ ಹೆಚ್ಚಾಗಿ ತೂಕವಿಲ್ಲದ್ದು. ನಮ್ಮ ರಫ್ತಿಗೆ ಹಡಗು ಬೇಡ, ವೈಟ್‌ಫೀಲ್ಡ್‌ನ ಡಿಪೋ ಬೇಡ. ಆದರೆ ಗಡಿ ದಾಟಿದ್ದಕ್ಕೆ ಸಾಕ್ಷಿ ಬೇಕಲ್ಲ, ಅದಕ್ಕೆ ಸಾಫ್ಟೆಕ್ಸ್ ಎಂಬ ನಮೂನೆ ತುಂಬಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕಿನವರಿಂದ ದೃಢೀಕರಿಸಿಕೊಳ್ಳುತ್ತೇವೆ. ಯಾರೂ ಕಣ್ಣಲ್ಲಿ ನೋಡದ ಸರಕು ಇಷ್ಟು ಡಾಲರಿನದು ಹೋಯಿತು ಎಂದು ಸರ್ಕಾರ ಒಪ್ಪುವುದು ಆ ಕಾಗದದಿಂದ. ಹಾಬಿಂಗ್ ಯಂತ್ರದ ಎಣ್ಣೆ ವಾಸನೆಯಲ್ಲಿ ಕೂತು ಬಿಲ್ ಬರೆದವಳಿಗೆ ಇದು ಮೊದಮೊದಲು ಗಾಳಿಗೆ ರಸೀದಿ ಬರೆದಂತೆ ಅನ್ನಿಸುತ್ತಿತ್ತು.

ಆ ಗಾಳಿಯ ರಸೀದಿಗಳೇ ದೇಶವನ್ನು ಹಿಡಿದು ನಿಲ್ಲಿಸಿರುವುದು. 2024-25ರಲ್ಲಿ ಸರಕಿನ ವ್ಯಾಪಾರದಲ್ಲಿ ಭಾರತದ ಒಟ್ಟು ಕೊರತೆ ಸುಮಾರು 283 ಶತಕೋಟಿ ಡಾಲರ್. ಸೇವೆಗಳ ವ್ಯಾಪಾರದಲ್ಲಿ ಉಳಿದದ್ದು ಸುಮಾರು 189 ಶತಕೋಟಿ. ಉಳಿದ ಅಂತರದ ಬಹುಭಾಗವನ್ನು ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ ತುಂಬುತ್ತದೆ. ಸಾಫ್ಟ್‌ವೇರ್ ರಫ್ತಿನಲ್ಲಿ ಕರ್ನಾಟಕವೇ ಮುಂದೆ. ಹಾಗಾಗಿ ಬೆಂಗಳೂರಿನ ನಕ್ಷೆಯ ಮೇಲೆ ಹೇಳುವುದಾದರೆ, ಪೀಣ್ಯ ಶೆನ್‌ಝೆನ್‌ಗೆ ಕೊಡಬೇಕಾದದ್ದನ್ನು ಎಲೆಕ್ಟ್ರಾನಿಕ್ ಸಿಟಿ ನ್ಯೂಯಾರ್ಕಿನಿಂದ ತಂದು ಕೊಡುತ್ತಿದೆ. ಹ್ಯೂಮ್ ಇದ್ದಿದ್ದರೆ ಸಮಾಧಾನಪಡುತ್ತಿದ್ದ.

ನನಗೆ ಸಮಾಧಾನವಾಗದೆ ಇರುವುದು ಇಲ್ಲಿಯೇ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಶುರುವಾದ ಮೇಲೆ ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಗೆ ಆರ್.ವಿ. ರೋಡಿನಲ್ಲಿ ಒಮ್ಮೆ ಇಳಿದು ಹತ್ತಿದರೆ ಸಾಕು. ಅಂಕಿಗಳಂತೂ ಇಳಿದು ಹತ್ತದೆಯೇ ಬಂದು ಒಂದಾಗುತ್ತವೆ. ಮನುಷ್ಯರು? ನಲವತ್ತಾರರ ಗೇರು ಕೊರೆಯುವವರು ಆ ರೈಲು ಹತ್ತಿ ಬಂದರೆ ಇಲ್ಲಿ ಅವರಿಗಿರುವುದು ಗೇಟಿನ ಬಳಿಯ ಕುರ್ಚಿ. ಅವರ ನಷ್ಟವನ್ನು ನನ್ನ ಲಾಭದಿಂದ ಕಳೆದು ‘ದೇಶಕ್ಕೆ ಒಳ್ಳೆಯದಾಯಿತು’ ಎನ್ನಲು ನಾವಿಬ್ಬರೂ ಒಬ್ಬರೇ ಆಗಿರಬೇಕಿತ್ತು.

ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಉತ್ತರವಿದೆ. 1939ರಲ್ಲಿ ನಿಕೊಲಸ್ ಕಾಲ್ಡೊರ್, ಜಾನ್ ಹಿಕ್ಸ್ ಬೇರೆಬೇರೆಯಾಗಿ ಹೇಳಿದ್ದು: ಒಂದು ಬದಲಾವಣೆಯಿಂದ ಲಾಭ ಪಡೆದವರು ನಷ್ಟಪಟ್ಟವರಿಗೆ ಪೂರ್ತಿ ಪರಿಹಾರ ಕೊಟ್ಟ ಮೇಲೂ ಮಿಗಿಸಿಕೊಳ್ಳಬಲ್ಲರಾದರೆ ಆ ಬದಲಾವಣೆ ಒಳ್ಳೆಯದು. ಗಮನಿಸಿ, ‘ಕೊಡಬಲ್ಲರಾದರೆ’. ಕೊಟ್ಟರೇ ಎಂಬುದು ಆ ಪರೀಕ್ಷೆಯ ಭಾಗವಲ್ಲ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವಾಗ ‘ಒಟ್ಟು ಆಸ್ತಿ ಹೆಚ್ಚಾಗಿದೆ, ದೊಡ್ಡವನು ಮನಸ್ಸು ಮಾಡಿದರೆ ಚಿಕ್ಕವನಿಗೆ ಕೊಡಬಲ್ಲ, ಆದ್ದರಿಂದ ಪಾಲು ನ್ಯಾಯವಾಗಿದೆ’ ಎಂದು ಪಂಚಾಯಿತಿಯವರು ಎದ್ದುಹೋದರೆ ಊರು ಏನೆನ್ನುತ್ತದೆ? ಊರಿನಲ್ಲಿ ನಗೆಪಾಟಲಾಗುವ ಮಾತು ದೇಶದ ಮಟ್ಟದಲ್ಲಿ ಸಿದ್ಧಾಂತವಾಗಿದೆ.

ನನ್ನ ಸಹೋದ್ಯೋಗಿಗಳಲ್ಲಿ ಈ ಮಾತೆತ್ತಿದಾಗ ಬರುವ ಆಕ್ಷೇಪಣೆ ಸರಳ, ಅದರಲ್ಲಿ ಬಲವೂ ಇದೆ. ‘ನಾವು ಅವರಿಂದ ಏನನ್ನೂ ಕಿತ್ತುಕೊಂಡಿಲ್ಲ. ನಮ್ಮ ಗಿರಾಕಿಗಳು ಬೇರೆ, ಅವರ ಪೈಪೋಟಿಗಾರರು ಬೇರೆ. ತೆರಿಗೆ ಕಟ್ಟುತ್ತೇವೆ. ಇನ್ನೇನು ಬಾಕಿ?’

ಬಾಕಿ ಇದೆ ಎಂದು ನನಗನ್ನಿಸುವುದಕ್ಕೆ ಕಾರಣ ರೂಪಾಯಿ. ಕೊರತೆಯಿರುವ ದೇಶದ ಹಣ ಕುಸಿಯಬೇಕು, ಕುಸಿದರೆ ಆಮದು ದುಬಾರಿಯಾಗುತ್ತದೆ, ಒಳಗಿನ ತಯಾರಕ ಉಸಿರಾಡುತ್ತಾನೆ. ದೀರ್ಘಾವಧಿಯಲ್ಲಿ ರಫ್ತು-ಆಮದು ಸರಿದೂಗುವ ದಾರಿಗಳಲ್ಲಿ ಇದು ಮುಖ್ಯವಾದದ್ದು. ಆದರೆ ನಾವು ಸಾಫ್ಟೆಕ್ಸ್ ತುಂಬಿ ತರುವ ಡಾಲರುಗಳು ರೂಪಾಯಿಯನ್ನು ಅದು ಬೀಳಬೇಕಾದಷ್ಟು ಬೀಳಲು ಬಿಡುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ 1959ರಲ್ಲಿ ಭಾರಿ ಅನಿಲ ನಿಕ್ಷೇಪ ಸಿಕ್ಕಿ, ಅದರ ರಫ್ತಿನ ಹಣ ಅಲ್ಲಿನ ಕಾರ್ಖಾನೆಗಳನ್ನು ಬಡವಾಗಿಸಿದ್ದನ್ನು ನೋಡಿ 1977ರಲ್ಲಿ ಇದಕ್ಕೆ ‘ಡಚ್ ಕಾಯಿಲೆ’ ಎಂದು ಹೆಸರಿಟ್ಟರು. ನಮ್ಮಲ್ಲಿ ನೆಲದಡಿಯ ಅನಿಲದ ಬದಲು ಇಂಗ್ಲಿಷ್ ಬಲ್ಲ ಎಂಜಿನಿಯರುಗಳಿದ್ದಾರೆ. ಈ ಪರಿಣಾಮ ಎಷ್ಟು ದೊಡ್ಡದು ಎಂಬುದರಲ್ಲಿ ಬಲ್ಲವರಲ್ಲೇ ವಾದವಿದೆ. ಚೀನಾದ ಸರ್ಕಾರ ತನ್ನ ಕಾರ್ಖಾನೆಗಳಿಗೆ ಕೊಡುವ ಬೆಂಬಲ, ನಮ್ಮ ಬ್ಯಾಂಕಿನ ಬಡ್ಡಿ, ಇವೆಲ್ಲ ಇನ್ನೂ ದೊಡ್ಡ ಕಾರಣಗಳಿರಬಹುದು. ಆದರೂ ದಿಕ್ಕು ಸ್ಪಷ್ಟ. ನನ್ನ ಈಗಿನ ಸಂಬಳ ಬರುವ ದಾರಿಯಲ್ಲೇ ಆ ಚೀನಾದ ಗೇರ್‌ಬಾಕ್ಸ್ ಒಂದಿಷ್ಟು ಅಗ್ಗವಾಗಿದೆ. ಗುಂಡಿ ಮುಚ್ಚುವವರೇ ಅದನ್ನು ಸ್ವಲ್ಪ ಅಗೆದವರೂ ಹೌದು.

ಹಾಗಾದರೆ ಬಾಗಿಲು ಹಾಕಿಬಿಡೋಣವೇ? ಆ ಪ್ರಯೋಗವೂ ನಡೆದಿದೆ. ರೈತರ, ಸಣ್ಣ ಕೈಗಾರಿಕೆಗಳ ಆತಂಕದ ನಡುವೆ 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಆರ್‌ಸಿಇಪಿ ಒಪ್ಪಂದದಿಂದ ಹೊರಗುಳಿಯಿತು. ಅಲ್ಲಿಂದ ಈಚೆಗೇ ಚೀನಾದೊಂದಿಗಿನ ಕೊರತೆ ಇಮ್ಮಡಿಯಾದದ್ದು. ಸುಂಕವೂ ಸಲೀಸಾದ ಆಯುಧವಲ್ಲ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳಲ್ಲಿ ಹಾಹಾಕಾರವಾಯಿತು. ಚೀನಾದ ನೂಲು ಅಗ್ಗವಾಗಿ ಬೇಕಿದ್ದವರು ನೇಕಾರರು, ಅವರೂ ಕಷ್ಟದಲ್ಲಿದ್ದವರೇ. ಸುಂಕ ಏರಿಸಿದರೆ ಒಬ್ಬರ ಹೊಟ್ಟೆ, ಇಳಿಸಿದರೆ ಇನ್ನೊಬ್ಬರದು. ಗಡಿಯಲ್ಲಿ ನಿಂತು ತೀರ್ಮಾನ ಮಾಡುವವರಿಗೆ ಒಳಗಿನ ಪಾಲು ಕಾಣುವುದಿಲ್ಲ.

ಉಳಿತಾಯದವರ ಹೊಣೆಯ ಬಗ್ಗೆ ಯೋಚಿಸುವಾಗ ನನಗೆ ಪೀಣ್ಯದ ಪಕ್ಕದಲ್ಲೇ ಸಿಕ್ಕ ಒಂದು ಸಾಕ್ಷಿ ನೆನಪಾಗುತ್ತದೆ. 1891ರಲ್ಲಿ ಯಶವಂತಪುರದ ಬಳಿ ರೈಲು ಕೆಲಸಕ್ಕೆ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಎಚ್‌ಎಎಲ್ ಪ್ರದೇಶದಲ್ಲಿ, ಅಂದರೆ ವೈಟ್‌ಫೀಲ್ಡ್ ದಾರಿಯಲ್ಲಿ, ಇನ್ನೊಂದು ನಿಧಿ. ಒಂದನೇ ಶತಮಾನದಲ್ಲಿ ರೋಮಿನ ಪ್ಲಿನಿ ಗೊಣಗಿದ್ದ: ಭಾರತ ನಮ್ಮಿಂದ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹೀರುತ್ತಿದೆ. ಮೆಣಸು, ಮುತ್ತು, ನವಿರಾದ ಬಟ್ಟೆಗೆ ಬಂದ ಹಣ ಅದು. ಆಗ ಕೊರತೆ ಅವರದು, ಉಳಿತಾಯ ನಮ್ಮದು. ಆ ಉಳಿತಾಯದ ಒಂದಷ್ಟು ಪಾಲು ಎರಡು ಸಾವಿರ ವರ್ಷ ಬೆಂಗಳೂರಿನ ಕೆಂಪು ಮಣ್ಣಿನೊಳಗೆ ಸುಮ್ಮನೆ ಬಿದ್ದಿತ್ತು. ಹೂತಿಟ್ಟವನಿಗೆ ಆಗಲಿಲ್ಲ, ಮೆಣಸು ಕೊಯ್ದವನಿಗೆ ಆಗಲಿಲ್ಲ, ರೋಮಿಗೂ ಹಿಂತಿರುಗಲಿಲ್ಲ.

ಹೂತಿಟ್ಟ ಉಳಿತಾಯವೂ ಒಂದು ದೋಷ ಎಂದು ಲೆಕ್ಕದ ನಿಯಮವಾಗಿ ಬರೆಯಲು ಹೊರಟವರು ಜಾನ್ ಮೇನಾರ್ಡ್ ಕೇನ್ಸ್. ಎರಡನೇ ಮಹಾಯುದ್ಧದ ನಡುವೆ ಅವರು ರಚಿಸಿದ ಯೋಜನೆಯಲ್ಲಿ ದೇಶಗಳ ನಡುವೆ ‘ಬ್ಯಾಂಕೋರ್’ ಎಂಬ ಲೆಕ್ಕದ ಹಣ, ಅದಕ್ಕೊಂದು ತೀರುವಳಿ ಸಂಘ. ಮಿತಿಮೀರಿ ಕೊರತೆ ಮಾಡಿದ ದೇಶದ ಮೇಲೆ ಶುಲ್ಕ ಸರಿ, ಮಿತಿಮೀರಿ ಉಳಿಸಿದ ದೇಶದ ಮೇಲೂ ಶುಲ್ಕ. ಸರಿಪಡಿಸುವ ಭಾರ ಇಬ್ಬರದೂ ಎಂಬುದು ಅದರ ತಿರುಳು. 1944ರಲ್ಲಿ ಬ್ರೆಟನ್ ವುಡ್ಸ್‌ನಲ್ಲಿ ಅದು ಬಿದ್ದುಹೋಯಿತು. ಆಗ ಉಳಿತಾಯದಲ್ಲಿದ್ದ ಅಮೆರಿಕ ಒಪ್ಪಲಿಲ್ಲ. ಈಗ ಕೊರತೆಯಲ್ಲಿರುವ ಅಮೆರಿಕ ಅದೇ ಮಾತನ್ನು ಸುಂಕದ ಭಾಷೆಯಲ್ಲಿ ಹೇಳುತ್ತಿರುವುದು ಇತಿಹಾಸದ ಚೇಷ್ಟೆ.

ಕೇನ್ಸರ ಆ ನಿಯಮ ದೇಶಗಳ ನಡುವೆ ಬರಲಿಲ್ಲ, ಬರುವ ಲಕ್ಷಣವೂ ಇಲ್ಲ. ಒಂದೇ ದೇಶದೊಳಗೆ, ಒಂದೇ ಮೆಟ್ರೊದ ಎರಡು ತುದಿಗಳ ನಡುವೆ ಅದನ್ನು ತರಲು ಯಾರ ಅಪ್ಪಣೆಯೂ ಬೇಕಿಲ್ಲ. ಅಮೆರಿಕದಲ್ಲಿ 1962ರ ಕಾಯ್ದೆಯೊಂದು ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ತರಬೇತಿ ಮತ್ತು ಭತ್ಯೆ ಕೊಡುವ ಏರ್ಪಾಟು ಮಾಡಿತ್ತು. 2022ರಲ್ಲಿ ಅವಧಿ ಮುಗಿದು ಹೊಸ ಅರ್ಜಿಗಳನ್ನು ತೆಗೆದುಕೊಳ್ಳುವುದು ನಿಂತಿದೆ. ಅಲ್ಲಿ ಅದು ಅರೆಬರೆಯಾಗಿ ನಡೆಯಿತು ಎಂಬ ಟೀಕೆ ಇದ್ದೇ ಇದೆ, ಆದರೆ ಅದರ ಕಲ್ಪನೆಯಲ್ಲಿ ಒಂದು ಮರ್ಯಾದೆಯಿತ್ತು. ಆಮದಿನಿಂದ ನಷ್ಟಪಟ್ಟವನು ಅರ್ಜಿ ಹಾಕುತ್ತಿದ್ದದ್ದು ಭಿಕ್ಷೆಗಲ್ಲ.

ನಮ್ಮಲ್ಲಿ ಇರುವುದು 2013ರ ಕಂಪನಿ ಕಾಯ್ದೆ. ನಿಗದಿತ ಮಟ್ಟದ ಕಂಪನಿಗಳು ಸರಾಸರಿ ಲಾಭದ ಶೇ 2ನ್ನು ಸಮಾಜಕ್ಕಾಗಿ ವೆಚ್ಚ ಮಾಡಬೇಕು. ನನ್ನ ಕಂಪನಿ ಕಳೆದ ಬಾರಿ ಕೆರೆಯೊಂದರ ದಂಡೆಗೆ ಸಸಿ ನೆಟ್ಟಿತು, ಫಲಕ ಹಾಕಿತು. ಸಸಿ ಬೇಡವೆನ್ನುವವರು ಯಾರು? ಆದರೆ ಅದು ದಾನದ ರೀತಿ. ಯಾರಿಗೆ, ಎಷ್ಟು, ಎಲ್ಲಿ ಎಂಬುದನ್ನು ಕೊಡುವವರೇ ಆರಿಸಿಕೊಳ್ಳುತ್ತಾರೆ. ಬಾಕಿಯಲ್ಲಿ ಆ ಸ್ವಾತಂತ್ರ್ಯವಿಲ್ಲ. ಯಾರಿಗೆ ಕೊಡಬೇಕೆಂಬುದು ಖಾತೆಯಲ್ಲೇ ಬರೆದಿರುತ್ತದೆ. ದಾನ ಕೊಟ್ಟಾಗ ಫೋಟೊ ತೆಗೆಸಿಕೊಳ್ಳುತ್ತೇವೆ, ಬಾಕಿ ಕೊಟ್ಟಾಗ ರಸೀದಿ ಪಡೆದು ಸುಮ್ಮನಾಗುತ್ತೇವೆ.

ಆ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಉದ್ಯೋಗಕ್ಕೆ ಬೇಕಾದ ಕೌಶಲ ಕಲಿಸುವುದೂ ಸೇರಿದೆ. ಹಾಗಾಗಿ ನಾನೊಂದು ಎರಡು ಪುಟದ ಪ್ರಸ್ತಾವ ಬರೆದಿದ್ದೇನೆ: ಪೀಣ್ಯದಲ್ಲಿ ಯಂತ್ರ ಬಿಟ್ಟು ಸ್ಟೋರ್ಸಿಗೆ, ಗೇಟಿಗೆ ಹೋದ ಹಳೆಯ ಟರ್ನರ್, ಹಾಬಿಂಗ್ ಆಪರೇಟರುಗಳನ್ನು ಹುಡುಕಿ, ವಾರಕ್ಕೆ ಎರಡು ದಿನ ಐಟಿಐ ಹುಡುಗರ ಪಕ್ಕ ನಿಲ್ಲಿಸುವುದು, ಆ ದಿನಗಳ ಪೂರ್ತಿ ಸಂಬಳ ನಾವು ಕೊಡುವುದು. ‘ನೆರವು’ ಎಂಬ ಪದವನ್ನು ಬೇಕೆಂದೇ ಎಲ್ಲಿಯೂ ಬಳಸಿಲ್ಲ. ಅದನ್ನು ನೋಡಿದ ವಿಭಾಗದವರು ಮೊದಲು ಕೇಳಿದ್ದು ಇದನ್ನು ಯಾವ ತಲೆಬರಹದಡಿ ತೋರಿಸುವುದೆಂದು. ‘ಕೊಡಬೇಕಾದದ್ದು’ ಎಂದೆ. ಅಂಥ ತಲೆಬರಹ ಅವರ ಪಟ್ಟಿಯಲ್ಲಿಲ್ಲ, ಮಾರ್ಚ್ ಸಭೆಯವರೆಗೆ ಫೈಲು ಅವರ ಬಳಿಯೇ ಇರುತ್ತದೆ.